ಬೇರೆ ದೇಶದ ಅಣುಬಾಂಬ್ ಬಗ್ಗೆ ಗುಪ್ತಚರ ವರದಿ ಬಂದಾಗ ಓದುವುದು ಹೇಗೆ

ನಾನು ವಿದೇಶಿ ಸುದ್ದಿ ಡೆಸ್ಕಿನಲ್ಲಿ ಕೆಲಸ ಮಾಡುವವಳು. ಇರಾಕ್, ಇರಾನ್, ಉತ್ತರ ಕೊರಿಯಾಗಳ ಬಾಂಬ್ ಸುದ್ದಿ ನನ್ನ ಮೇಜಿಗೇ ಬರುತ್ತದೆ. ಏಜೆನ್ಸಿ ಕಾಪಿಯಲ್ಲಿ ‘ಗುಪ್ತಚರ ಮೂಲಗಳ ಪ್ರಕಾರ’ ಎಂಬ ಸಾಲು ಕಂಡರೆ ತಲೆಬರಹ ಕೊಡುವ ಮೊದಲು ಮೂಲ ವರದಿ ಹುಡುಕುತ್ತೇನೆ. ಎಲ್ಲವೂ ಗುಟ್ಟಾಗಿರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆಗಳು ವರ್ಷಕ್ಕೊಮ್ಮೆ ಬಹಿರಂಗ ವರದಿ ಕೊಡುತ್ತವೆ. ಹಳೆಯ ಗುಪ್ತ ವರದಿಗಳು ಗೌಪ್ಯತೆ ತೆಗೆದ ಮೇಲೆ ಸಿಗುತ್ತವೆ. ಸೆನೆಟ್ ಸಮಿತಿಯ ತನಿಖಾ ವರದಿಗಳಿವೆ. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಮೂರು ತಿಂಗಳಿಗೊಮ್ಮೆ ಕೊಡುವ ಲೆಕ್ಕವೂ ಸಿಗುತ್ತದೆ. ಇಷ್ಟನ್ನು ಹೇಗೆ ಓದುವುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಪ್ರತಿ ಸಲ ಇಂಥ ಸುದ್ದಿ ಬಂದಾಗ ಯುದ್ಧದ ಮಾತೂ ಹಿಂದೆಯೇ ಬರುತ್ತದೆ. ಜನ ಸಾಯುತ್ತಾರೆ. ಹಾಗಾಗಿ ಸುಮ್ನೆ ಓದಿ ಬಿಡುವ ವಿಷಯ ಇದಲ್ಲ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ರಾಜಕೀಯ ಒತ್ತಡ ಎಂದರೆ ಮಂತ್ರಿಯೊಬ್ಬ ವಿಶ್ಲೇಷಕನನ್ನು ಕರೆದು ‘ಹೀಗೆ ಬರಿ’ ಎಂದು ಹೇಳುವುದು ಎಂದು ನಾವು ಊಹಿಸುತ್ತೇವೆ. ಅಣುಬಾಂಬ್ ಯೋಜನೆ ಮತ್ತೆ ಶುರುವಾಗಿದೆ ಎಂಬ ಗುಪ್ತಚರ ಅಂದಾಜನ್ನು ಮುಂದಿಟ್ಟು ಅಮೆರಿಕ 2003ರಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಹೋಯಿತು, ಆ ಅಂದಾಜು ತಪ್ಪು ಎಂದು ಆಮೇಲೆ ಗೊತ್ತಾಯಿತು. ಆ ವಿಷಯದಲ್ಲಿ ಅಮೆರಿಕದ ಸೆನೆಟ್ ಗುಪ್ತಚರ ಸಮಿತಿ 2004ರಲ್ಲಿ ಹುಡುಕಿದ್ದು ಅದನ್ನೇ. ಅಂಥ ಬಲವಂತಕ್ಕೆ ಸಾಕ್ಷಿ ಸಿಗಲಿಲ್ಲ ಎಂದಿತು. ಇದೇ ತಪ್ಪನ್ನು ತನಿಖೆ ಮಾಡಲು ನೇಮಿಸಿದ್ದ ರಾಬ್-ಸಿಲ್ಬರ್ಮನ್ ಆಯೋಗವೂ 2005ರ ಮಾರ್ಚ್‌ನಲ್ಲಿ ಅದನ್ನೇ ಹೇಳಿತು. ಆದರೆ ಅದೇ ಆಯೋಗ ಇನ್ನೊಂದು ಮಾತನ್ನೂ ಸೇರಿಸಿತು: ಎಲ್ಲರೂ ನಂಬಿಕೊಂಡಿದ್ದನ್ನು ಪ್ರಶ್ನಿಸಲು ಉತ್ತೇಜನ ಕೊಡದ ವಾತಾವರಣದಲ್ಲಿ ವಿಶ್ಲೇಷಕರು ಕೆಲಸ ಮಾಡುತ್ತಿದ್ದರು. ನನ್ನ ಮಟ್ಟಿಗೆ ಆ ಸಾಲೇ ಇಡೀ ವರದಿಯ ಜೀವ. ರಾಜಕೀಯ ಕೆಲಸ ಮಾಡುವುದು ಆಜ್ಞೆಯ ಮೂಲಕ ಅಲ್ಲ. ಯಾವ ಪ್ರಶ್ನೆ ಕೇಳುತ್ತಾರೆ, ಎಷ್ಟು ಸಮಯ ಕೊಡುತ್ತಾರೆ, ಯಾವ ಸಾಲನ್ನು ಹೊರಗೆ ಬಿಡುತ್ತಾರೆ, ಯಾವ ತಪ್ಪಿಗೆ ಶಿಕ್ಷೆ ಆಗುತ್ತದೆ, ಇವುಗಳ ಮೂಲಕ. ಇವೆಲ್ಲ ಕಾಗದದ ಮೇಲೆ ಗುರುತು ಬಿಟ್ಟು ಹೋಗುತ್ತವೆ. ಆ ಗುರುತುಗಳನ್ನೇ ನಾವು ಹುಡುಕಬೇಕು.

ತಾರೀಖುಗಳನ್ನು ಮೊದಲು ಬರೆದುಕೊಳ್ಳಿ

ವರದಿ ಓದುವ ಮೊದಲು ಒಂದು ಹಾಳೆಯಲ್ಲಿ ತಾರೀಖುಗಳನ್ನು ಸಾಲಾಗಿ ಬರೆಯಿರಿ. ವರದಿ ಯಾರು ಕೇಳಿದರು, ಯಾವಾಗ ಕೇಳಿದರು, ಯಾವಾಗ ಬಂತು, ಅದಕ್ಕೂ ಮೊದಲು ನಾಯಕರು ಏನು ಹೇಳಿಯಾಗಿತ್ತು, ಅದಾದ ಮೇಲೆ ಯಾವ ಮತದಾನ ಇತ್ತು.

ಇರಾಕ್ ವಿಷಯದಲ್ಲಿ ಹಾಳೆ ಹೀಗಿರುತ್ತದೆ. 2002ರ ಆಗಸ್ಟ್ 26ರಂದು ಉಪಾಧ್ಯಕ್ಷ ಡಿಕ್ ಚೀನಿ ಮಾಜಿ ಸೈನಿಕರ ಸಭೆಯಲ್ಲಿ ಮಾತಾಡುತ್ತಾ, ಸದ್ದಾಂ ಹುಸೇನ್ ಬಳಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂಬುದರಲ್ಲಿ ಅನುಮಾನವೇ ಇಲ್ಲ ಎಂದರು. ಸೆಪ್ಟೆಂಬರ್ 8ರಂದು ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಜಾ ರೈಸ್ ಟಿವಿಯಲ್ಲಿ ಅಣುಸ್ಫೋಟದ ಅಣಬೆ ಮೋಡದ ಮಾತಾಡಿದರು. ಅಷ್ಟೆಲ್ಲ ಆಗುವವರೆಗೂ ಎಲ್ಲ ಗುಪ್ತಚರ ಸಂಸ್ಥೆಗಳು ಕೂತು ಬರೆಯುವ ಹೊಸ ಜಂಟಿ ಅಂದಾಜು ಇರಲೇ ಇಲ್ಲ. ಇದಕ್ಕೆ ನ್ಯಾಷನಲ್ ಇಂಟೆಲಿಜೆನ್ಸ್ ಎಸ್ಟಿಮೇಟ್ ಎನ್ನುತ್ತಾರೆ, ಚಿಕ್ಕದಾಗಿ ಎನ್‌ಐಇ. ಅದನ್ನು ಕೇಳಿದ್ದು ಶ್ವೇತಭವನವೂ ಅಲ್ಲ. ಸೆನೆಟ್ ಗುಪ್ತಚರ ಸಮಿತಿಯ ಡೆಮಾಕ್ರಟಿಕ್ ಸದಸ್ಯರು ಸೆಪ್ಟೆಂಬರ್‌ನಲ್ಲಿ ಪಟ್ಟು ಹಿಡಿದು ಕೇಳಿದರು. ಮೂರು ವಾರದೊಳಗೆ ಬರೆದು ಅಕ್ಟೋಬರ್ 1ಕ್ಕೆ ಕೊಟ್ಟರು. ಅಕ್ಟೋಬರ್ 10 ಮತ್ತು 11ರಂದು ಕಾಂಗ್ರೆಸ್‌ನ ಎರಡೂ ಸದನಗಳು ಯುದ್ಧದ ಅಧಿಕಾರಕ್ಕೆ ಮತ ಹಾಕಿದವು. ಕೆಳಮನೆಯಲ್ಲಿ 296ಕ್ಕೆ 133, ಸೆನೆಟ್‌ನಲ್ಲಿ 77ಕ್ಕೆ 23.

ಈ ಹಾಳೆ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ತೀರ್ಮಾನ ಮೊದಲು ಹೊರಬಿತ್ತು, ಅಂದಾಜು ಆಮೇಲೆ ಬಂತು. ಇಂಥ ವರದಿಗಳಿಗೆ ಸಾಮಾನ್ಯವಾಗಿ ತಿಂಗಳುಗಳು ಬೇಕು. ಉಪಾಧ್ಯಕ್ಷರು ‘ಅನುಮಾನವೇ ಇಲ್ಲ’ ಎಂದು ಬಹಿರಂಗವಾಗಿ ಹೇಳಿದ ಮೇಲೆ ಯಾವ ವಿಶ್ಲೇಷಕ ‘ಅನುಮಾನ ಇದೆ’ ಎಂದು ಬರೆಯುತ್ತಾನೆ? ಬರೆದವರು ಇದ್ದರು. ಅವರ ಮಾತು ಎಲ್ಲಿ ಹೋಯಿತು ಎಂಬುದೇ ಮುಂದಿನ ಹೆಜ್ಜೆ.

ಗುಪ್ತ ಪ್ರತಿ, ಬಹಿರಂಗ ಪ್ರತಿ: ಎರಡನ್ನೂ ಅಕ್ಕಪಕ್ಕ ಇಡಿ

ಇದು ನಾನು ಅತಿ ಜಾಸ್ತಿ ನಂಬುವ ವಿಧಾನ. ಪ್ರಿಂಟ್ ತೆಗೆದು, ಒಂದು ಬಣ್ಣದ ಪೆನ್ ಹಿಡಿದು ಕೂರಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದಕ್ಕೆ ಗೆರೆ ಎಳೆಯಿರಿ.

2002ರ ಅಕ್ಟೋಬರ್ 4ರಂದು ಸಿಐಎ ಆ ಎನ್‌ಐಇಯ ಬಹಿರಂಗ ರೂಪವನ್ನು ಶ್ವೇತಪತ್ರ ಎಂದು ಬಿಡುಗಡೆ ಮಾಡಿತು. ಗುಪ್ತ ಪ್ರತಿಯ ಮುಖ್ಯ ತೀರ್ಮಾನಗಳು 2003ರ ಜುಲೈನಲ್ಲಿ ಹೊರಬಂದವು. ಗುಪ್ತ ಪ್ರತಿಯಲ್ಲಿ ‘ನಮ್ಮ ಅಂದಾಜು’, ‘ನಾವು ಭಾವಿಸುತ್ತೇವೆ’ ಎಂಬ ಮಾತುಗಳು ಅಲ್ಲಲ್ಲಿ ಇದ್ದವು. ಶ್ವೇತಪತ್ರದಲ್ಲಿ ಅವು ಮಾಯವಾಗಿ, ಅಂದಾಜು ಹೋಗಿ ಸಂಗತಿ ಆಗಿಬಿಟ್ಟಿತ್ತು. ಗುಪ್ತ ಪ್ರತಿಯಲ್ಲಿ ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗ, ಅಂದರೆ ಐಎನ್‌ಆರ್, ಉದ್ದನೆಯ ಭಿನ್ನಮತ ಬರೆದಿತ್ತು. ಇರಾಕ್ ಅಣುಬಾಂಬ್ ಯೋಜನೆಯನ್ನು ಮತ್ತೆ ಪೂರ್ಣ ಪ್ರಮಾಣದಲ್ಲಿ ಶುರು ಮಾಡಿದೆ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದಿತ್ತು. ಶ್ವೇತಪತ್ರದಲ್ಲಿ ಐಎನ್‌ಆರ್ ಹೆಸರೂ ಇಲ್ಲ. ಒಂದೇ ಸಂಸ್ಥೆ, ಒಂದೇ ವಾರ, ಎರಡು ಬೇರೆ ಬೇರೆ ಮಾತು. ಪೂರ್ತಿ ಗುಪ್ತ ಪ್ರತಿ ಓದಬೇಕೆಂದರೆ ಸೆನೆಟರ್‌ಗಳು ಕಾವಲಿನ ಕೋಣೆಗೆ ಹೋಗಿ ಓದಬೇಕಿತ್ತು. ಹೋದವರು ಬೆರಳೆಣಿಕೆಯಷ್ಟು ಜನ.

ಅದರಲ್ಲಿ ಅಲ್ಯೂಮಿನಿಯಂ ಕೊಳವೆಗಳ ಕಥೆಯನ್ನು ಪೂರ್ತಿ ಓದಲೇಬೇಕು. ಇರಾಕ್‌ಗೆ ಹೋಗುತ್ತಿದ್ದ ಕೊಳವೆಗಳನ್ನು 2001ರಲ್ಲಿ ಜೋರ್ಡಾನ್‌ನಲ್ಲಿ ಹಿಡಿದರು. ವ್ಯಾಸ 81 ಮಿಲಿಮೀಟರ್, ಉದ್ದ 900 ಮಿಲಿಮೀಟರ್, ತುಂಬಾ ಗಟ್ಟಿ ಅಲ್ಯೂಮಿನಿಯಂ. ಯುರೇನಿಯಂ ಸಂವರ್ಧನೆಗೆ, ಅಂದರೆ ಬಾಂಬಿಗೆ ಒದಗುವ ಅಂಶದ ಪಾಲನ್ನು ಹೆಚ್ಚಿಸುವುದಕ್ಕೆ, ಬೇಕಾದ ಸೆಂಟ್ರಿಫ್ಯೂಜ್ ಎಂಬ ಯಂತ್ರದೊಳಗೆ ವೇಗವಾಗಿ ತಿರುಗುವ ಭಾಗ (ರೋಟರ್) ಇವು ಎಂದು ಸಿಐಎ ಹೇಳಿತು. ಅಮೆರಿಕದಲ್ಲಿ ಸೆಂಟ್ರಿಫ್ಯೂಜ್ ಬಗ್ಗೆ ನಿಜವಾಗಿ ಗೊತ್ತಿರುವವರು ಇಂಧನ ಇಲಾಖೆಯ ತಜ್ಞರು. ಅವರು ಅಲ್ಲ ಎಂದರು. ಕೊಳವೆ ತೀರಾ ಸಣ್ಣ, ತೀರಾ ಉದ್ದ, ಗೋಡೆ ತೀರಾ ದಪ್ಪ. ಅಲ್ಲದೆ ಇರಾಕ್ ಸೈನ್ಯದ ಬಳಿ ಆಗಲೇ 81 ಮಿಲಿಮೀಟರ್ ರಾಕೆಟ್ ಇತ್ತು, ಅದಕ್ಕೆ ಬಳಸುತ್ತಿದ್ದದ್ದು ಇದೇ ಅಳತೆಯ ಕೊಳವೆ. ಇದು ಅಭಿಪ್ರಾಯದ ಜಗಳ ಅಲ್ಲ, ಅಳತೆಯ ಜಗಳ. ಅಳತೆಪಟ್ಟಿ ಹಿಡಿದರೆ ಗೊತ್ತಾಗುವಂಥದ್ದು.

ಆದರೂ ಎನ್‌ಐಇಯಲ್ಲಿ ಬಹುಮತದ ಅಭಿಪ್ರಾಯ ಸಿಐಎಯದ್ದೇ ಆಯಿತು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೊಳವೆಗಳ ಬಗ್ಗೆ ಒಪ್ಪದ ಇಂಧನ ಇಲಾಖೆ, ಯೋಜನೆ ಮತ್ತೆ ಶುರುವಾಗಿದೆ ಎಂಬ ಒಟ್ಟು ತೀರ್ಮಾನಕ್ಕೆ ಬೇರೆ ಕಾರಣ ಕೊಟ್ಟು ಒಪ್ಪಿಕೊಂಡಿತು. ಮುಖ್ಯ ಸಾಕ್ಷಿ ಕುಸಿದರೂ ತೀರ್ಮಾನ ನಿಂತಿತು. ನೀವು ಯಾವುದೇ ವರದಿ ಓದುವಾಗ ಈ ಪರೀಕ್ಷೆ ಮಾಡಿ: ಅತಿ ಬಲವಾದ ಒಂದು ಸಾಕ್ಷಿಯನ್ನು ತೆಗೆದುಹಾಕಿದರೆ ತೀರ್ಮಾನ ಬದಲಾಗುತ್ತದಾ? ಬದಲಾಗದಿದ್ದರೆ ಆ ತೀರ್ಮಾನ ಸಾಕ್ಷಿಯಿಂದ ಬಂದಿರುವುದು ಅನುಮಾನ.

2003ರ ಫೆಬ್ರವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪಾವೆಲ್ ವಿಶ್ವಸಂಸ್ಥೆಯಲ್ಲಿ ಕೊಳವೆಗಳ ಬಗ್ಗೆ ಭಿನ್ನಾಭಿಪ್ರಾಯ ಇದೆ ಎಂದು ಒಪ್ಪಿಕೊಂಡರು. ಆದರೆ ಹೆಚ್ಚಿನ ಅಮೆರಿಕನ್ ತಜ್ಞರು ಸೆಂಟ್ರಿಫ್ಯೂಜ್‌ಗೇ ಎನ್ನುತ್ತಾರೆ ಎಂದರು. ಭಿನ್ನಮತ ಬರೆದಿದ್ದು ಅವರದೇ ಇಲಾಖೆಯ ವಿಭಾಗ ಎಂದು ಹೇಳಲಿಲ್ಲ. ‘ಹೆಚ್ಚಿನ ತಜ್ಞರು’ ಎಂದು ಕೇಳಿದಾಗಲೆಲ್ಲ ಯಾವ ವಿಷಯದ ತಜ್ಞರು ಎಂದು ಕೇಳಿ. ಸೆಂಟ್ರಿಫ್ಯೂಜ್ ಪ್ರಶ್ನೆಯಲ್ಲಿ ಸೆಂಟ್ರಿಫ್ಯೂಜ್ ಗೊತ್ತಿರುವವರ ಒಂದು ಮತ, ಗೊತ್ತಿಲ್ಲದವರ ಹತ್ತು ಮತಕ್ಕಿಂತ ದೊಡ್ಡದು.

ಒಂದು ಮಾತು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಿ

ಇರಾಕ್ ಆಫ್ರಿಕಾದ ನೈಜರ್‌ನಿಂದ ಯುರೇನಿಯಂ ಕೊಳ್ಳಲು ಹೊರಟಿತ್ತು ಎಂಬ ಮಾತು ನೆನಪಿದೆಯಲ್ವಾ? ಅದನ್ನು ಐಎನ್‌ಆರ್ ಎನ್‌ಐಇಯ ಅನುಬಂಧದಲ್ಲೇ ತೀರಾ ಅನುಮಾನಾಸ್ಪದ ಎಂದು ಬರೆದಿತ್ತು. ಅಧ್ಯಕ್ಷ ಜಾರ್ಜ್ ಬುಷ್ ಅವರ 2002ರ ಅಕ್ಟೋಬರ್ 7ರ ಸಿನ್ಸಿನಾಟಿ ಭಾಷಣದ ಕರಡಿನಲ್ಲಿ ಅದು ಇತ್ತು. ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಶ್ವೇತಭವನಕ್ಕೆ ಫೋನ್ ಮಾಡಿ ತೆಗೆಸಿದರು. ಮೂರು ತಿಂಗಳು ಕಳೆದು, 2003ರ ಜನವರಿ 28ರಂದು ಬುಷ್ ಅವರ ವಾರ್ಷಿಕ ಭಾಷಣದಲ್ಲಿ ಅದೇ ಮಾತು ವಾಪಸ್ ಬಂತು. ಈ ಸಲ ‘ಬ್ರಿಟಿಷ್ ಸರ್ಕಾರಕ್ಕೆ ತಿಳಿದುಬಂದಿದೆ’ ಎಂಬ ರೂಪದಲ್ಲಿ. ಮಾರ್ಚ್ 7ರಂದು ಐಎಇಎ ಮುಖ್ಯಸ್ಥ ಮೊಹಮ್ಮದ್ ಎಲ್‌ಬರಾಡೆ, ಆ ಒಪ್ಪಂದದ್ದು ಎನ್ನಲಾದ ದಾಖಲೆಗಳು ಅಸಲಿ ಅಲ್ಲ ಎಂದು ಭದ್ರತಾ ಮಂಡಳಿಗೆ ತಿಳಿಸಿದರು. ಎರಡು ವಾರದೊಳಗೆ ಯುದ್ಧ ಶುರುವಾಯಿತು. ಆ ಮಾತು ಭಾಷಣದಲ್ಲಿ ಇರಬಾರದಿತ್ತು ಎಂದು ಟೆನೆಟ್ ಒಪ್ಪಿಕೊಂಡಿದ್ದು ಜುಲೈನಲ್ಲಿ.

ಇದರಿಂದ ಕಲಿಯಬೇಕಾದ ಓದುವ ಕ್ರಮ ಸರಳ. ಒಂದು ದೇಶದ ನಾಯಕ ಇನ್ನೊಂದು ದೇಶದ ಗುಪ್ತಚರರ ಹೆಸರು ಹೇಳಿ ಆಪಾದನೆ ಮಾಡಿದರೆ, ಅವನ ಸ್ವಂತ ಸಂಸ್ಥೆ ಅದೇ ವಿಷಯದಲ್ಲಿ ಏನು ಹೇಳಿದೆ ಎಂದು ಹುಡುಕಿ. ಸ್ವಂತ ಸಂಸ್ಥೆ ಸುಮ್ಮನಿದ್ದರೆ ಆ ಮೌನವನ್ನೂ ಬರೆದುಕೊಳ್ಳಿ.

ಸಾಮಗ್ರಿ, ತಯಾರಿ, ತೀರ್ಮಾನ: ಮೂರನ್ನೂ ಬಿಡಿಸಿ ನೋಡಿ

ಇರಾನ್ ಸುದ್ದಿಯಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಬಾಂಬ್ ಆಗಬೇಕಾದರೆ ಮೊದಲು ಸಂವರ್ಧಿತ ಯುರೇನಿಯಂ ಬೇಕು. ಎರಡನೆಯದಾಗಿ ಅದನ್ನು ಸಿಡಿಯುವ ಸಾಧನವಾಗಿ ಮಾಡುವ ವಿನ್ಯಾಸ ಮತ್ತು ಪ್ರಯೋಗಗಳು ಬೇಕು. ಮೂರನೆಯದಾಗಿ ಮಾಡೋಣ ಎಂದು ನಾಯಕತ್ವ ನಿರ್ಧರಿಸಬೇಕು. ಮೊದಲನೆಯದನ್ನು ತೂಕ ಮಾಡಬಹುದು. ಐಎಇಎ ತಪಾಸಕರು ಅದನ್ನೇ ಮಾಡುತ್ತಿದ್ದರು. ಎರಡನೆಯದು ಸಿಗುವುದು ಕಷ್ಟ. ಮೂರನೆಯದು ಕೆಲವೇ ಜನರ ತಲೆಯೊಳಗೆ ಇರುವ ವಿಷಯ. ರಾಜಕೀಯ ಅತಿ ಸುಲಭವಾಗಿ ಒಳಗೆ ನುಗ್ಗುವುದು ಈ ಮೂರನೆಯ ಜಾಗದಲ್ಲಿ, ಏಕೆಂದರೆ ಅಲ್ಲಿ ಅಳತೆಪಟ್ಟಿ ಇಲ್ಲ.

2007ರ ಡಿಸೆಂಬರ್ 3ರಂದು ಬಿಡುಗಡೆಯಾದ ಇರಾನ್ ಎನ್‌ಐಇ ತೆಗೆದುಕೊಳ್ಳಿ. 2003ರ ಶರತ್ಕಾಲದಲ್ಲಿ ಟೆಹರಾನ್ ತನ್ನ ಅಣ್ವಸ್ತ್ರ ಯೋಜನೆ ನಿಲ್ಲಿಸಿತು, ಇದನ್ನು ಹೆಚ್ಚಿನ ವಿಶ್ವಾಸದಿಂದ ಹೇಳುತ್ತೇವೆ ಎಂದು ಮೊದಲ ಸಾಲು. ಎಲ್ಲ ಪತ್ರಿಕೆಗಳಿಗೂ ತಲೆಬರಹ ಸಿಕ್ಕಿತು. ಆದರೆ ಆ ಸಾಲಿಗೆ ಒಂದು ಅಡಿಟಿಪ್ಪಣಿ ಇತ್ತು. ಇಲ್ಲಿ ‘ಅಣ್ವಸ್ತ್ರ ಯೋಜನೆ’ ಎಂದರೆ ಅಸ್ತ್ರದ ವಿನ್ಯಾಸ ಮತ್ತು ಗುಟ್ಟಿನ ಸಂವರ್ಧನೆ ಮಾತ್ರ, ಇರಾನ್ ಘೋಷಿಸಿ ಮಾಡುತ್ತಿರುವ ಸಂವರ್ಧನೆ ಇದರಲ್ಲಿ ಸೇರಿಲ್ಲ ಎಂದು. ಅಂದರೆ ನಿಂತದ್ದು ಎರಡನೆಯ ಕೆಲಸ. ಮೊದಲನೆಯದು ನಡೆಯುತ್ತಲೇ ಇತ್ತು. ಅದೇ ವರದಿಯಲ್ಲಿ, ಇರಾನ್ ಮುಂದಕ್ಕೆ ದಾರಿ ತೆರೆದಿಟ್ಟುಕೊಂಡಿದೆ ಎಂದೂ ಇದೆ. ಇಂಧನ ಇಲಾಖೆ ಇಲ್ಲೂ ಸ್ವಲ್ಪ ಹಿಂದೆ ನಿಂತಿತು: ಆ ನಿಲುಗಡೆ ಇಡೀ ಯೋಜನೆಗೆ ಅನ್ವಯಿಸುತ್ತದೆ ಎನ್ನಲು ತಮಗೆ ಮಧ್ಯಮ ವಿಶ್ವಾಸ ಮಾತ್ರ ಎಂದಿತು.

ಈ ವರದಿ ಸೈನಿಕ ಕ್ರಮದ ವಿಷಯದಲ್ಲಿ ತಮ್ಮ ಕೈ ಕಟ್ಟಿಹಾಕಿತು ಎಂದು ಬುಷ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಯುದ್ಧ ಬೇಕೆಂದವರು ಇದನ್ನು ವಿಶ್ಲೇಷಕರ ರಾಜಕೀಯ ಎಂದು ಬೈದರು. ಯುದ್ಧ ಬೇಡ ಎಂದವರು ಅಡಿಟಿಪ್ಪಣಿ ಮುಚ್ಚಿಟ್ಟು ಮೊದಲ ಸಾಲನ್ನು ಮಾತ್ರ ಓದಿದರು. ಎರಡೂ ಕಡೆಯವರು ಒಂದೇ ಪುಟವನ್ನು ಅರ್ಧರ್ಧ ಓದಿದ್ದು ನನಗೆ ಇವತ್ತಿಗೂ ಬೇಸರ.

‘ಬ್ರೇಕ್‌ಔಟ್’ ಸಮಯ ಎಂಬ ಮಾತನ್ನೂ ಇದೇ ಕಣ್ಣಿನಿಂದ ನೋಡಿ. ಒಂದು ಬಾಂಬಿಗೆ ಬೇಕಾಗುವಷ್ಟು ಸಾಮಗ್ರಿ ತಯಾರಿಸಲು ಹಿಡಿಯುವ ಸಮಯ ಅದು. ಬಾಂಬ್ ಆಗುವ ಸಮಯ ಅಲ್ಲ. ಅಮೆರಿಕ ಮತ್ತು ಇತರ ದೇಶಗಳು ಇರಾನ್ ಜೊತೆ ಮಾಡಿಕೊಂಡ 2015ರ ಜುಲೈ ಅಣು ಒಪ್ಪಂದ ಸಂವರ್ಧನೆಯನ್ನು ಶೇ 3.67ಕ್ಕೆ, ದಾಸ್ತಾನನ್ನು 300 ಕಿಲೋಗೆ ಮಿತಿಗೊಳಿಸಿ ಈ ಸಮಯವನ್ನು ಎರಡು-ಮೂರು ತಿಂಗಳಿಂದ ಒಂದು ವರ್ಷಕ್ಕೆ ಏರಿಸಿತ್ತು. 2018ರ ಮೇನಲ್ಲಿ ಟ್ರಂಪ್ ಒಪ್ಪಂದದಿಂದ ಹೊರಬಂದರು. ಆಮೇಲೆ ಇರಾನ್ ಶೇ 60ರವರೆಗೆ ಸಂವರ್ಧನೆ ಮಾಡಿತು, ಬ್ರೇಕ್‌ಔಟ್ ಸಮಯ ವಾರಗಳಿಗೆ ಇಳಿಯಿತು. ‘ಇನ್ನು ಕೆಲವೇ ವಾರ’ ಎಂಬ ತಲೆಬರಹ ಸಾಮಗ್ರಿಯ ಬಗ್ಗೆ ನಿಜ ಇರಬಹುದು, ಬಾಂಬ್ ಬಗ್ಗೆ ಅಲ್ಲ. ಹೇಳುವ ನಾಯಕನಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ಕೇಳುವವರಿಗೂ ಗೊತ್ತಿರಬೇಕು.

ಇಸ್ರೇಲ್‌ನ ಪ್ರಧಾನಿ ನೆತನ್ಯಾಹು 2012ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಬಾಂಬ್ ಚಿತ್ರ ಹಿಡಿದು ಕೆಂಪು ಗೆರೆ ಎಳೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರದೇ ಗುಪ್ತಚರ ಸಂಸ್ಥೆ ಮೊಸಾದ್ ಬರೆದ ಟಿಪ್ಪಣಿಯೊಂದು 2015ರಲ್ಲಿ ಸೋರಿಕೆಯಾಯಿತು. ಅಸ್ತ್ರ ತಯಾರಿಸಲು ಬೇಕಾದ ಕೆಲಸವನ್ನು ಇರಾನ್ ಈಗ ಮಾಡುತ್ತಿಲ್ಲ ಎಂದು ಅದರಲ್ಲಿತ್ತು. ಸಂವರ್ಧನೆ ಮುಂದುವರಿದಿದೆ ಎಂಬುದನ್ನು ಮೊಸಾದ್ ಅಲ್ಲಗಳೆದಿರಲಿಲ್ಲ. ಪ್ರಧಾನಿ ಮಾತಾಡಿದ್ದು ಮೊದಲನೆಯದರ ಬಗ್ಗೆ, ಟಿಪ್ಪಣಿ ಎರಡನೆಯದರ ಬಗ್ಗೆ. ಕೇಳಿದವರಿಗೆ ಎರಡೂ ಒಂದೇ ಆಗಿ ಕೇಳಿಸಿತು.

ಸಾಧ್ಯತೆ ಬೇರೆ, ವಿಶ್ವಾಸ ಬೇರೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಗುಪ್ತಚರ ಬರವಣಿಗೆಗೆ ಒಂದು ನಿಯಮ ಇದೆ. ‘ಸಂಭವ’ ಎಂದರೆ ಶೇ 55ರಿಂದ 80, ‘ಬಹಳ ಸಂಭವ’ ಎಂದರೆ 80ರಿಂದ 95. ವಿಶ್ವಾಸದ ಮಟ್ಟ ಎನ್ನುವುದು ಬೇರೆ. ಅದು ಆಧಾರಗಳು ಎಷ್ಟು ಗಟ್ಟಿ ಎಂದು ಹೇಳುತ್ತದೆ. ಒಂದು ವಿಷಯ ಬಹಳ ಸಂಭವ ಇದ್ದೂ, ಅದನ್ನು ಕಡಿಮೆ ವಿಶ್ವಾಸದಿಂದ ಹೇಳಿರಬಹುದು. ಭಾಷಣದಲ್ಲಿ ಮೊದಲು ಉದುರುವುದು ಈ ಎರಡನೆಯ ಮಾತು. ಹಾಗಾಗಿ ಸುದ್ದಿಯಲ್ಲಿ ವಿಶ್ವಾಸದ ಮಟ್ಟ ಇಲ್ಲದಿದ್ದರೆ ಮೂಲದಲ್ಲಿ ಹುಡುಕಿ. ಹಾಗೆಯೇ ಪ್ರತಿ ವರ್ಷ ಬರುವ ಸಾಲು ಒಂದು ವರ್ಷ ಕಾಣೆಯಾದರೆ ನಿಲ್ಲಿ. ಪರೀಕ್ಷಿಸಬಹುದಾದ ಅಣು ಸಾಧನಕ್ಕೆ ಬೇಕಾದ ಮುಖ್ಯ ಕೆಲಸಗಳನ್ನು ಇರಾನ್ ಈಗ ಮಾಡುತ್ತಿಲ್ಲ ಎಂಬ ಸಾಲು ಅಮೆರಿಕದ ವರದಿಗಳಲ್ಲಿ ಕೆಲ ವರ್ಷ ಬಂತು. 2024ರ ಜುಲೈನಲ್ಲಿ ಕಾಂಗ್ರೆಸ್‌ಗೆ ಕೊಟ್ಟ ವರದಿಯಲ್ಲಿ ಅದು ಇರಲಿಲ್ಲ. ಬದಲಿಗೆ, ಬೇಕೆಂದರೆ ಸಾಧನ ತಯಾರಿಸಲು ಇನ್ನಷ್ಟು ಅನುಕೂಲ ಆಗುವ ಕೆಲಸಗಳನ್ನು ಇರಾನ್ ಮಾಡಿದೆ ಎಂದಿತ್ತು. ವರದಿಗಳನ್ನು ಒಂದೊಂದಾಗಿ ಓದಿದರೆ ಇದು ಕಾಣುವುದಿಲ್ಲ.

ಹಿಂದಿನ ಸಲ ಯಾವ ತಪ್ಪಿಗೆ ಪೆಟ್ಟು ಬಿತ್ತು?

1991ರ ಕೊಲ್ಲಿ ಯುದ್ಧದ ನಂತರ ತಪಾಸಕರು ಇರಾಕ್‌ಗೆ ಹೋದಾಗ ಸದ್ದಾಂ ಯೋಜನೆ ಎಲ್ಲರ ಅಂದಾಜಿಗಿಂತ ಬಹಳ ಮುಂದೆ ಹೋಗಿತ್ತು ಎಂದು ಗೊತ್ತಾಯಿತು. ಗುಪ್ತಚರ ಸಂಸ್ಥೆಗಳಿಗೆ ಅದು ದೊಡ್ಡ ಅವಮಾನ. 2001ರ ಸೆಪ್ಟೆಂಬರ್ 11ರ ದಾಳಿ ಅದರ ಮೇಲೆ ಇನ್ನೊಂದು ಪೆಟ್ಟು. 2002ರಲ್ಲಿ ಕೂತವರಿಗೆ ಕಡಿಮೆ ಹೇಳಿ ಸಿಕ್ಕಿಬೀಳುವ ಭಯವೇ ದೊಡ್ಡದಾಗಿತ್ತು. ಜಾಸ್ತಿ ಹೇಳಿದರು. ಇರಾಕ್‌ನ ಅಣು ಯೋಜನೆ 1991ರಲ್ಲೇ ನಿಂತಿತ್ತು ಎಂದು, ಯುದ್ಧದ ನಂತರ ಅಲ್ಲಿ ಅಸ್ತ್ರಗಳನ್ನು ಹುಡುಕಿದ ತಂಡದ ಮುಖ್ಯಸ್ಥ ಚಾರ್ಲ್ಸ್ ಡುಲ್ಫರ್ ಅವರ ವರದಿ 2004ರಲ್ಲಿ ತೋರಿಸಿತು. ಆಗ ಜಾಸ್ತಿ ಹೇಳಿದ್ದಕ್ಕೆ ಪೆಟ್ಟು ಬಿತ್ತು. 2007ರ ಇರಾನ್ ವರದಿಯ ಎಚ್ಚರಿಕೆಯ ಧಾಟಿಗೆ ಅದರ ನೆರಳು ಇದೆ ಎಂದೇ ನಾನು ಓದುತ್ತೇನೆ. ಹೊಸ ಗುಪ್ತ ಮಾಹಿತಿ ಬಂದಿದ್ದೂ ನಿಜ, ಹಳೆಯ ಗಾಯ ಇದ್ದದ್ದೂ ನಿಜ.

ಸಂಸ್ಥೆಗೂ ಸ್ವಂತ ಹಿತ ಇರುತ್ತದೆ. 1950ರ ದಶಕದ ಕೊನೆಯಲ್ಲಿ ಸೋವಿಯತ್ ಕ್ಷಿಪಣಿಗಳ ಎಣಿಕೆಯಲ್ಲಿ ಅಮೆರಿಕದ ವಾಯುಪಡೆ ಯಾವಾಗಲೂ ದೊಡ್ಡ ಸಂಖ್ಯೆ ಹೇಳುತ್ತಿತ್ತು, ಭೂಸೇನೆ ಮತ್ತು ನೌಕಾಪಡೆ ಚಿಕ್ಕದು. ಹೊಸ ಕ್ಷಿಪಣಿ, ಬಾಂಬರ್‌ಗಳ ಹಣ ಹೋಗುವುದು ವಾಯುಪಡೆಗೆ. ಕ್ಷಿಪಣಿಯಲ್ಲಿ ಸೋವಿಯತ್ ಮುಂದಿದೆ ಎಂಬ ಈ ‘ಕ್ಷಿಪಣಿ ಅಂತರ’ವನ್ನು ಕೆನಡಿ 1960ರ ಚುನಾವಣೆಯಲ್ಲಿ ದೊಡ್ಡ ವಿಷಯ ಮಾಡಿದರು. ಉಪಗ್ರಹದ ಫೋಟೋ ಬಂದ ಮೇಲೆ, 1961ರ ಸೆಪ್ಟೆಂಬರ್ ಅಂದಾಜು ಸೋವಿಯತ್ ಎಣಿಕೆಯನ್ನು 10ರಿಂದ 25 ಉಡಾವಣಾ ನೆಲೆಗಳಿಗೆ ಇಳಿಸಿತು. ನಿಜಕ್ಕೂ ಇದ್ದದ್ದು ನಾಲ್ಕು.

ಅಂದಾಜು ಇಷ್ಟವಾಗದಿದ್ದಾಗ ಹೊರಗಿನವರ ತಂಡ ಕಟ್ಟಿಸುವುದು ಇನ್ನೊಂದು ದಾರಿ. 1976ರಲ್ಲಿ ಸಿಐಎ ಮುಖ್ಯಸ್ಥರಾಗಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್ (ಇರಾಕ್ ಯುದ್ಧದ ಬುಷ್ ಅವರ ತಂದೆ), ಸೋವಿಯತ್ ಬಲವನ್ನು ಮತ್ತೆ ಅಳೆಯುವ ‘ಟೀಮ್ ಬಿ’ ಎಂಬ ಅಂಥ ತಂಡಕ್ಕೆ ಒಪ್ಪಿಗೆ ಕೊಟ್ಟರು. ಅವರಿಗಿಂತ ಮೊದಲಿದ್ದ ವಿಲಿಯಂ ಕೋಲ್ಬಿ ಒಪ್ಪಿರಲಿಲ್ಲ. ರಿಚರ್ಡ್ ಪೈಪ್ಸ್ ನೇತೃತ್ವದ ಆ ತಂಡದಲ್ಲಿ ಸೋವಿಯತ್ ಬಗ್ಗೆ ಮೊದಲೇ ಕಠಿಣ ನಿಲುವಿನವರೇ ತುಂಬಿದ್ದರು. ಜಲಾಂತರ್ಗಾಮಿ ಪತ್ತೆಗೆ ಶಬ್ದ ಬಳಸದ ಹೊಸ ವ್ಯವಸ್ಥೆ ಸೋವಿಯತ್ ಬಳಿ ಇರುವುದಕ್ಕೆ ಅವರಿಗೆ ಸಾಕ್ಷಿ ಸಿಗಲಿಲ್ಲ. ಇಷ್ಟು ಹೊತ್ತಿಗೆ ಅದು ಇರಲೇಬೇಕಿತ್ತು, ಹಾಗಾಗಿ ಈಗಾಗಲೇ ಗುಟ್ಟಾಗಿ ಬಳಸುತ್ತಿರಬಹುದು ಎಂದು ಬರೆದರು. ಸಾಕ್ಷಿ ಇಲ್ಲದಿರುವುದನ್ನೇ ಸಾಕ್ಷಿ ಮಾಡುವ ಈ ಜಾರುವಿಕೆ ಯಾವ ವರದಿಯಲ್ಲಿ ಕಂಡರೂ ಅಲ್ಲಿ ಗೆರೆ ಎಳೆಯಿರಿ.

ಉಬ್ಬಿಸುವುದನ್ನು ಮಾತ್ರ ಹುಡುಕಬೇಡಿ

ರಾಜಕೀಯ ಎಂದರೆ ಬೆದರಿಕೆ ದೊಡ್ಡದು ಮಾಡುವುದು ಎಂದಷ್ಟೇ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಪಾಕಿಸ್ತಾನದ ವಿಷಯದಲ್ಲಿ ಆದದ್ದು ತದ್ವಿರುದ್ಧ. 1985ರ ಪ್ರೆಸ್ಲರ್ ತಿದ್ದುಪಡಿ ಪ್ರಕಾರ, ಪಾಕಿಸ್ತಾನದ ಬಳಿ ಅಣು ಸಾಧನ ಇಲ್ಲ ಎಂದು ಅಮೆರಿಕದ ಅಧ್ಯಕ್ಷರು ಪ್ರತಿ ವರ್ಷ ದೃಢೀಕರಿಸಿದರೆ ಮಾತ್ರ ನೆರವು. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೈನ್ಯದ ವಿರುದ್ಧದ ಯುದ್ಧ ಪಾಕಿಸ್ತಾನದ ಮೂಲಕವೇ ನಡೆಯುತ್ತಿತ್ತು. ಅಧ್ಯಕ್ಷ ರೇಗನ್ ದೃಢೀಕರಿಸುತ್ತಾ ಹೋದರು, ಅವರ ನಂತರ ಅಧ್ಯಕ್ಷರಾದ ತಂದೆ ಬುಷ್ 1989ರಲ್ಲಿ ಕೂಡ. ಸೋವಿಯತ್ ಸೈನ್ಯ 1989ರ ಫೆಬ್ರವರಿಯಲ್ಲಿ ಹೊರಟುಹೋಯಿತು. 1990ರ ಅಕ್ಟೋಬರ್‌ನಲ್ಲಿ ಬುಷ್ ದೃಢೀಕರಣ ಕೊಡಲಿಲ್ಲ, ನೆರವು ನಿಂತಿತು. ಪಾಕಿಸ್ತಾನದ ಕೆಲಸ ಆ ವರ್ಷಗಳಲ್ಲೆಲ್ಲ ನಡೆದೇ ಇತ್ತು. ‘ಅವರ ಬಳಿ ಬಾಂಬ್ ಇದೆಯಾ’ ಎಂದು ಕೇಳುವ ಕಾನೂನು, ಬಿಡಿಭಾಗಗಳನ್ನು ಜೋಡಿಸದೆ ಇಟ್ಟವರಿಗೂ ‘ಇಲ್ಲ’ ಎನ್ನಲು ದಾರಿ ಬಿಟ್ಟಿತ್ತು. ರಿಚರ್ಡ್ ಬಾರ್ಲೋ ಎಂಬ ವಿಶ್ಲೇಷಕ, ಕಾಂಗ್ರೆಸ್‌ಗೆ ಸರಿಯಾದ ಮಾಹಿತಿ ಕೊಡುತ್ತಿಲ್ಲ ಎಂದು ಆಕ್ಷೇಪಿಸಿ 1989ರಲ್ಲಿ ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ ಕೆಲಸ ಕಳೆದುಕೊಂಡರು. ಪಕ್ಕದ ದೇಶಕ್ಕೆ ಇದರ ಬೆಲೆ ಏನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಂಥದ್ದೇ ಇನ್ನೊಂದು 1979ರ ಸೆಪ್ಟೆಂಬರ್ 22ರಂದು. ವೇಲಾ ಎಂಬ ಅಮೆರಿಕದ ಉಪಗ್ರಹ ದಕ್ಷಿಣದ ಸಮುದ್ರದ ಮೇಲೆ ಅಣುಸ್ಫೋಟದಂಥ ಜೋಡಿ ಬೆಳಕು ಕಂಡಿತು. ಶ್ವೇತಭವನ ನೇಮಿಸಿದ ವಿಜ್ಞಾನಿಗಳ ಸಮಿತಿ, ಬಹುಶಃ ಅಣುಸ್ಫೋಟ ಅಲ್ಲ ಎಂದಿತು. ಗುಪ್ತಚರ ವಲಯದ ಹಲವರು ಒಪ್ಪಲಿಲ್ಲ. ಆದರೆ ಅಧ್ಯಕ್ಷ ಕಾರ್ಟರ್ 1980ರ ಫೆಬ್ರವರಿ ದಿನಚರಿಯಲ್ಲಿ, ಇಸ್ರೇಲ್ ಪರೀಕ್ಷೆ ನಡೆಸಿತು ಎಂಬ ನಂಬಿಕೆ ತಮ್ಮ ವಿಜ್ಞಾನಿಗಳಲ್ಲಿ ಬಲವಾಗುತ್ತಿದೆ ಎಂದು ಬರೆದುಕೊಂಡಿದ್ದರು.

ಇನ್ನೊಂದು ಎಚ್ಚರ. ಇರಾಕ್ ನೋಡಿದವರಿಗೆ ಅನುಮಾನಪಡುವವನೇ ಯಾವಾಗಲೂ ಸರಿ ಎನಿಸುತ್ತದೆ. ಉತ್ತರ ಕೊರಿಯಾದಲ್ಲಿ ಹಾಗಾಗಲಿಲ್ಲ. ಗುಟ್ಟಾಗಿ ಯುರೇನಿಯಂ ಸಂವರ್ಧನೆ ಮಾಡುತ್ತಿದೆ ಎಂದು 2002ರ ಅಕ್ಟೋಬರ್‌ನಲ್ಲಿ ಅಮೆರಿಕ ಆಪಾದಿಸಿತು, ಅದರ ಅಣು ಯೋಜನೆ ತಡೆಯಲು ಮಾಡಿಕೊಂಡಿದ್ದ 1994ರ ಒಪ್ಪಂದ ಮುರಿದುಬಿತ್ತು. 2007ರ ಫೆಬ್ರವರಿಯಲ್ಲಿ ಮತ್ತೆ ಮಾತುಕತೆ ಫಲ ಕೊಡುತ್ತಿದ್ದ ಹೊತ್ತಿಗೇ, ಆ ಬಗ್ಗೆ ವಿಶ್ವಾಸ ಮಧ್ಯಮ ಮಟ್ಟದ್ದು ಎಂದು ಗುಪ್ತಚರ ಅಧಿಕಾರಿಯೊಬ್ಬರು ಸೆನೆಟ್‌ಗೆ ಹೇಳಿದರು. ಹಾಗಾದರೆ ಅದೂ ಇರಾಕ್‌ನಂತೆಯೇ ಎಂದು ಬಹಳ ಜನ ಬರೆದರು. 2010ರ ನವೆಂಬರ್‌ನಲ್ಲಿ ಉತ್ತರ ಕೊರಿಯಾದ ಅಣುಕೇಂದ್ರ ಯೊಂಗ್‌ಬ್ಯೊನ್‌ಗೆ ಹೋದ ಅಮೆರಿಕನ್ ವಿಜ್ಞಾನಿ ಸೀಗ್‌ಫ್ರೀಡ್ ಹೆಕರ್‌ಗೆ ಸುಮಾರು 2,000 ಸೆಂಟ್ರಿಫ್ಯೂಜ್‌ಗಳ ಹಾಲ್ ತೋರಿಸಿದರು. ಯಾರು ಹೇಳಿದರು ಎಂಬುದು ನಮಗೆ ಇಷ್ಟವಾಗದಿದ್ದ ಮಾತ್ರಕ್ಕೆ ಹೇಳಿದ್ದು ಸುಳ್ಳಾಗುವುದಿಲ್ಲ.

2025ರ ಜೂನ್‌ಗೆ ಇದನ್ನೆಲ್ಲ ಹಚ್ಚಿ ನೋಡಿ

ಹಾಳೆ ತೆಗೆದು ತಾರೀಖು ಬರೆಯಿರಿ. ಮಾರ್ಚ್‌ನಲ್ಲಿ ಅಮೆರಿಕದ ಆಗಿನ ರಾಷ್ಟ್ರೀಯ ಗುಪ್ತಚರ ನಿರ್ದೇಶಕಿ ತುಳಸಿ ಗಬ್ಬಾರ್ಡ್ ಕಾಂಗ್ರೆಸ್ ಮುಂದೆ ಹೇಳಿದ್ದು: ಇರಾನ್ ಅಣ್ವಸ್ತ್ರ ತಯಾರಿಸುತ್ತಿಲ್ಲ, 2003ರಲ್ಲಿ ನಿಲ್ಲಿಸಿದ ಯೋಜನೆಗೆ ಅಲ್ಲಿನ ಸರ್ವೋಚ್ಚ ನಾಯಕ ಖಮೇನಿ ಮತ್ತೆ ಅನುಮತಿ ಕೊಟ್ಟಿಲ್ಲ. ಅದೇ ಹೇಳಿಕೆಯಲ್ಲಿ, ಅಣ್ವಸ್ತ್ರ ಇಲ್ಲದ ದೇಶವೊಂದರ ಬಳಿ ಇಷ್ಟು ಸಂವರ್ಧಿತ ಯುರೇನಿಯಂ ಹಿಂದೆಂದೂ ಇರಲಿಲ್ಲ ಎಂದೂ ಇತ್ತು. ಮೊದಲಿನದು ತೀರ್ಮಾನದ ಬಗ್ಗೆ, ಎರಡನೆಯದು ಸಾಮಗ್ರಿಯ ಬಗ್ಗೆ. ಜೂನ್ 13ರಂದು ಇಸ್ರೇಲ್ ದಾಳಿ ಶುರು ಮಾಡಿತು. ಜೂನ್ 17ರಂದು ಟ್ರಂಪ್, ಆಕೆ ಏನು ಹೇಳಿದರೂ ತಮಗೆ ಲೆಕ್ಕವಿಲ್ಲ, ಇರಾನ್ ಬಹಳ ಹತ್ತಿರ ಇತ್ತು ಎಂದರು. ಜೂನ್ 20ರಂದು ಗಬ್ಬಾರ್ಡ್, ಇರಾನ್ ಮನಸ್ಸು ಮಾಡಿದರೆ ವಾರಗಳಿಂದ ತಿಂಗಳುಗಳಲ್ಲಿ ಅಸ್ತ್ರ ಮಾಡಬಹುದು ಎಂದು ಬರೆದರು. ಮಾರ್ಚ್‌ನ ಮಾತನ್ನು ಅವರು ಹಿಂತೆಗೆಯಲಿಲ್ಲ. ಒತ್ತು ಕೊಡುವ ಜಾಗ ಬದಲಾಯಿತು ಅಷ್ಟೇ. ಹೀಗೆ ಒತ್ತು ಬದಲಾದ ಜಾಗವನ್ನು ಹಿಡಿಯುವುದೇ ಈ ಓದಿನ ಮುಖ್ಯ ಕೆಲಸ.

ಜೂನ್ 22ರಂದು ಅಮೆರಿಕ ಇರಾನ್‌ನ ಅಣುಕೇಂದ್ರಗಳಾದ ಫೋರ್ಡೊ, ನತಾಂಜ್, ಇಸ್ಫಹಾನ್ ಮೇಲೆ ಬಾಂಬ್ ಹಾಕಿತು. ಎಲ್ಲವೂ ನಿರ್ನಾಮ ಆಯಿತು ಎಂದರು ಟ್ರಂಪ್. ಎರಡೇ ದಿನದಲ್ಲಿ ಪೆಂಟಗನ್‌ನ ಗುಪ್ತಚರ ಸಂಸ್ಥೆ ಡಿಐಎಯ ಮೊದಲ ಅಂದಾಜು ಸೋರಿಕೆಯಾಯಿತು: ಹಿನ್ನಡೆ ಕೆಲವು ತಿಂಗಳು ಮಾತ್ರ. ಅದು ಕಡಿಮೆ ವಿಶ್ವಾಸದ ಅಂದಾಜು, ಅದನ್ನೂ ತಲೆಬರಹಗಳು ನುಂಗಿದವು. ಮರುದಿನ ಸಿಐಎ ಮುಖ್ಯಸ್ಥ ಜಾನ್ ರಾಟ್‌ಕ್ಲಿಫ್, ಮತ್ತೆ ಕಟ್ಟಲು ವರ್ಷಗಳೇ ಬೇಕು ಎಂದರು. ಆಗಸ್ಟ್‌ನಲ್ಲಿ ಡಿಐಎ ಮುಖ್ಯಸ್ಥ ಜೆಫ್ರಿ ಕ್ರೂಸ್ ಅವರನ್ನು ಹುದ್ದೆಯಿಂದ ತೆಗೆದರು. ಕಾರಣ ಏನೇ ಇರಲಿ, ಮುಂದಿನ ಅಂದಾಜು ಬರೆಯಲು ಕೂರುವ ವಿಶ್ಲೇಷಕ ಆ ಸುದ್ದಿಯನ್ನೂ ಓದಿರುತ್ತಾನೆ.

ಈಗ ಗಮನ ಇಡಬೇಕಾದ ಸಂಖ್ಯೆ 440.9 ಕಿಲೋ. ದಾಳಿ ಶುರುವಾದ ದಿನ ಇರಾನ್ ಬಳಿ ಇದ್ದ ಶೇ 60ರ ಯುರೇನಿಯಂ ಎಷ್ಟೆಂದು ಐಎಇಎ ಹಾಕಿದ ಲೆಕ್ಕ ಅದು. ಇನ್ನಷ್ಟು ಸಂವರ್ಧಿಸಿದರೆ ಒಂದು ಬಾಂಬಿಗೆ ಸುಮಾರು 42 ಕಿಲೋ ಸಾಕು ಎಂಬುದು ಅದೇ ಸಂಸ್ಥೆಯ ಅಳತೆ. 2025ರ ನವೆಂಬರ್ ವರದಿಯಲ್ಲೂ, ದಾಳಿಯ ನಂತರ ಆ ದಾಸ್ತಾನನ್ನು ನೋಡಿ ಖಚಿತಪಡಿಸಲು ಆಗಿಲ್ಲ ಎಂದಿತ್ತು. ತೂಕ ಮಾಡಬಹುದಾಗಿದ್ದ ಒಂದೇ ವಿಷಯವೂ ಅಂದಾಜಿನ ಪಾಲಾಯಿತು. ಹಾಗಾಗಿ ಇನ್ನು ಮುಂದೆ ಆ ಯುರೇನಿಯಂ ಎಲ್ಲಿದೆ, ಎಷ್ಟಿದೆ ಎಂದು ಯಾವ ಸರ್ಕಾರ ಹೇಳಿದರೂ ಮೂರು ವಿಷಯ ಕೇಳಿ: ತಪಾಸಕರು ಕೊನೆಯದಾಗಿ ಅದನ್ನು ಕಣ್ಣಾರೆ ನೋಡಿದ್ದು ಯಾವ ತಾರೀಖು, ಹೇಳುತ್ತಿರುವವರ ಸ್ವಂತ ಸಂಸ್ಥೆಯಲ್ಲಿ ಯಾರಾದರೂ ಭಿನ್ನಮತ ಬರೆದಿದ್ದಾರಾ, ಮತ್ತು ಈ ಹೇಳಿಕೆಯ ಮುಂದಿನ ವಾರ ಯಾವ ಮತದಾನ, ಯಾವ ಮಾತುಕತೆ, ಯಾವ ದಾಳಿ ಕಾದಿದೆ.